ಪ್ರುಯಿಟ್ ಪಾರ್ಕಿನಲ್ಲಿ ಓಥೆಲನ ಹೆಸರು

ವರ್ನೀಟಾ ಬಾಯ್ಕಿನ್‌ಗೆ ಅರವತ್ತನಾಲ್ಕು ತುಂಬಿತ್ತು. ಇಷ್ಟು ವರ್ಷಗಳಲ್ಲಿ ಅವಳ ತಾಯಿ ಐಡೆಲ್ಲಾ ಒಂದೇ ಒಂದು ಸಲವೂ ಅವಳ ಕೈಗೆ ಒಂದು ಕೂಸನ್ನು ಕೊಟ್ಟಿರಲಿಲ್ಲ.

ಕೊಡುವುದಿಲ್ಲ ಎಂದು ಬಾಯಿಬಿಟ್ಟು ಹೇಳಿದವಳೂ ಅಲ್ಲ. ಅದು ಐಡೆಲ್ಲಾಳ ಜಾಯಮಾನವಲ್ಲ. ಅವಳ ತಂಗಿಯ ಮಗಳು ಫನೆಲ್ಲಾ ದಿನಾ ಬೆಳಿಗ್ಗೆ ತನ್ನ ಮೊಮ್ಮಗಳ ಏಳು ತಿಂಗಳ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬರುತ್ತಿದ್ದಳು. ಕೂಸಿನ ತಾಯಿ ಆಸ್ಪತ್ರೆಯಲ್ಲಿ ಕೆಲಸಕ್ಕೆ ಹೋಗುವವಳು. ತೊಂಬತ್ತಮೂರರ ಐಡೆಲ್ಲಾಳಿಗೆ ಕಣ್ಣು ಹೋಗಿ ಆರು ವರ್ಷ, ಗಾಲಿಕುರ್ಚಿ ಹತ್ತಿ ಎರಡು ವರ್ಷ. ಆದರೂ ಕೂಸು ಅವಳ ತೊಡೆಯ ಮೇಲೇ ಇರಬೇಕು. ಕೈ ಸೋತರೆ "ಫನೆಲ್ಲಾ, ತಗೊಳ್ಳೇ" ಅನ್ನುತ್ತಿದ್ದಳು. ಫನೆಲ್ಲಾ ಬಚ್ಚಲಿಗೆ ಹೋಗಿದ್ದರೆ ಬರುವವರೆಗೂ ಕಾಯುತ್ತಿದ್ದಳು. ಒಂದು ಮೊಳ ದೂರದಲ್ಲಿ ವರ್ನೀಟಾ ಖಾಲಿ ಕೈಯಲ್ಲಿ ಕೂತಿರುತ್ತಿದ್ದಳು. ಅದು ಗೊತ್ತಿದ್ದೂ ಮುದುಕಿ ನಡುಗುವ ತೋಳಿನಲ್ಲಿ ಕೂಸನ್ನು ಅವಚಿಕೊಂಡು ಕಾಯುತ್ತಿದ್ದಳು.

ಕಾರಣ ಇಬ್ಬರಿಗೂ ಗೊತ್ತಿತ್ತು. ಐವತ್ತನಾಲ್ಕು ವರ್ಷದ ಹಿಂದೆ ಮೆರಿವೇಲ್ ಊರಿನ ಪ್ರುಯಿಟ್ ಪಾರ್ಕಿನಲ್ಲಿ ಒಂದು ಈಜುಕೊಳ ಇತ್ತು. ದಿಬ್ಬದ ಮೇಲಿನ ಓಕ್ ಟೆರೇಸಿನ ಬಿಳಿಯರ ಮಕ್ಕಳಿಗೆ ಮಾತ್ರ. ಕೆಳಗಿನ ಕೇರಿಯ ಕಪ್ಪುಜನರ ಮಕ್ಕಳು ಬೇಲಿಯಾಚೆ ನಿಂತು ನೀರು ಚಿಮ್ಮುವ ಸದ್ದು ಕೇಳಬಹುದಿತ್ತು, ಅದಕ್ಕೇನೂ ಅಡ್ಡಿ ಇರಲಿಲ್ಲ. ಆ ಬೇಸಿಗೆ ಕೋರ್ಟು ಎಲ್ಲರನ್ನೂ ಒಳಗೆ ಬಿಡಬೇಕು ಅಂದಿತು. ವರ್ನೀಟಾಳ ತಮ್ಮ, ಏಳು ವರ್ಷದ ಓಥೆಲ್, ಹಾಸಿಗೆಯ ಮೇಲೆ ಬೋರಲು ಮಲಗಿ ಕೈಕಾಲು ಬಡಿದು ಈಜು ಕಲಿಯತೊಡಗಿದ. ಶನಿವಾರ ನಾನೇ ಕರಕೊಂಡು ಹೋಗುತ್ತೇನೆ ಎಂದು ಐಡೆಲ್ಲಾ ಮಗನಿಗೆ ಮಾತು ಕೊಟ್ಟಳು. ಗುರುವಾರ ಊರಾಡಳಿತದ ಲಾರಿಗಳು ಬಂದು ಕೆಂಪು ಮಣ್ಣು ಸುರಿದು ಕೊಳವನ್ನು ನೆಲಸಮ ಮಾಡಿ ಹೋದವು. ಹಂಚಿಕೊಳ್ಳುವುದಕ್ಕಿಂತ ಹೂಳುವುದೇ ವಾಸಿ ಅನ್ನಿಸಿತು ದೊಡ್ಡಮನುಷ್ಯರಿಗೆ.

ಶನಿವಾರ ಐಡೆಲ್ಲಾ ದಿಬ್ಬದ ಮೇಲೆ ಕಲ್ಪೆಪರ್ ಮನೆಯಲ್ಲಿ ಕೋಳಿ ಕರಿಯುತ್ತಿದ್ದಳು. ಓಥೆಲ್ ಹೊಳೆಗೆ ಹೋದ. ತಮ್ಮನನ್ನು ನೋಡಿಕೋ ಎಂದು ತಾಯಿ ಹೇಳಿಹೋಗಿದ್ದದ್ದು ಹತ್ತು ವರ್ಷದ ವರ್ನೀಟಾಳಿಗೆ. ದಡದ ಮುಳ್ಳುಪೊದೆಯಲ್ಲಿ ಬ್ಲಾಕ್‌ಬೆರಿ ಕೀಳುತ್ತಾ ಅವಳು ಎರಡು ನಿಮಿಷ ಬೆನ್ನು ತಿರುಗಿಸಿದ್ದಳು, ಅಷ್ಟೇ. ಹೆಣ ಮೂರನೇ ದಿನ ಸಿಕ್ಕಿತು. ಐಡೆಲ್ಲಾ ಮಗಳಿಗೆ ಹೊಡೆಯಲಿಲ್ಲ, ಬೈಯಲಿಲ್ಲ, ಆ ವಿಷಯವನ್ನೇ ಎತ್ತಲಿಲ್ಲ. ಬಂಧುಬಳಗದ ಮಕ್ಕಳು ಮನೆಗೆ ಬಂದಾಗಲೆಲ್ಲ ಸುಮ್ಮನೆ ಅವರನ್ನು ವರ್ನೀಟಾಳ ಪಕ್ಕದಿಂದ ಎತ್ತಿ ಬೇರೆ ಕಡೆ ಕೂರಿಸುತ್ತಿದ್ದಳು. ಬೈಗುಳವನ್ನಾದರೂ ಒಂದು ದಿನ ಮರೆಯಬಹುದಿತ್ತು.

ಹದಿನೆಂಟಕ್ಕೆ ವರ್ನೀಟಾ ಬಸ್ಸು ಹತ್ತಿ ದೂರದ ಉತ್ತರದ ಡೆಟ್ರಾಯಿಟ್‌ಗೆ ಹೋದಳು. ನಲವತ್ತು ವರ್ಷ ಅಲ್ಲಿಯ ಅಂಚೆಕಚೇರಿಯಲ್ಲಿ ಕಾಗದ ವಿಂಗಡಿಸಿದಳು. ಮದುವೆಯೂ ಆಗಲಿಲ್ಲ, ಮಕ್ಕಳೂ ಆಗಲಿಲ್ಲ. ತಾಯಿಗೆ ಕಣ್ಣು ಮಂಜಾದಾಗ ಊರಿಗೆ ಮರಳಿ, ಉಣಿಸಿ, ಮೀಯಿಸಿ, ಔಷಧ ಹಾಕಿ, ರಾತ್ರಿ ಮಗ್ಗುಲು ತಿರುಗಿಸುತ್ತಾ ಆರು ವರ್ಷ ಕಳೆದಳು. ತಾಯಿ ತನ್ನ ಮೈಯನ್ನು ಅವಳ ಕೈಗೆ ಕೊಟ್ಟಳೇ ಹೊರತು ಕೂಸನ್ನು ಕೊಡಲಿಲ್ಲ.

ಇಂಥ ಹೊತ್ತಿನಲ್ಲಿ ಓಕ್ ಟೆರೇಸಿನ ಪರಂಪರೆ ಸಂಘದವರು ಪಾರ್ಕಿನ ನೂರನೇ ವರ್ಷಕ್ಕೆ ಚರಿತ್ರೆಯ ಫಲಕ ನೆಡುತ್ತಾರೆ ಎಂಬ ಸುದ್ದಿ ಬಂತು. ಅಡಿಗೆಮನೆಯಲ್ಲಿ ನಿಂತು ವರ್ನೀಟಾ ಪೇಪರಿನ ಆ ಸುದ್ದಿಯನ್ನು ಎರಡು ಸಲ ಓದಿದಳು. ಊರವರು ಕೊಳ ಮುಚ್ಚಿದರು, ಅದರಿಂದ ಓಥೆಲ್ ಸತ್ತ. ಇಷ್ಟನ್ನು ಲೋಹದ ಮೇಲೆ, ಹಾಡುಹಗಲಿನಲ್ಲಿ, ಅವರ ಕೈಯಿಂದಲೇ ಬರೆಸಿದರೆ? ಹತ್ತು ವರ್ಷದ ಹುಡುಗಿಯ ತಲೆಗೆ ಕಟ್ಟಿದ್ದನ್ನು ಆಮೇಲಾದರೂ ತಾಯಿ ಇಳಿಸಬೇಕಲ್ಲವೆ? ಸಾಯುವುದರೊಳಗೆ ಒಂದು ದಿನ ಕೂಸನ್ನು ತನ್ನ ಕೈಗೆ ಕೊಡಬೇಕಲ್ಲವೆ?

ನಾಲ್ಕೇ ಸಾಲು ಟೈಪು ಮಾಡಿಕೊಂಡು ಅವಳು ದಿಬ್ಬ ಹತ್ತಿದಳು. ಸಂಘದ ಅಧ್ಯಕ್ಷೆ ಆಡ್ರಾ ಕಲ್ಪೆಪರ್, ಐಡೆಲ್ಲಾ ಕರಿದ ಕೋಳಿ ತಿಂದು ಬೆಳೆದ ಆ ಮನೆಯ ಮಗಳೇ. ನೀಲಿ ಬಣ್ಣದ ಛಾವಣಿಯ ಜಗಲಿಯಲ್ಲಿ ಅವಳೂ, ಬೋ ಟೈ ಕಟ್ಟಿದ ಮಿಸ್ಟರ್ ಹಾಲಿಸ್ ಎಂಬ ಮುದುಕನೂ ಕೂತಿದ್ದರು. ಸಕ್ಕರೆ ಸುರಿದ ತಣ್ಣನೆ ಚಹಾ, ಚೀಸ್ ಕಡ್ಡಿಗಳ ತಟ್ಟೆ, ಇಸ್ತ್ರಿ ಮಾಡಿದ ಕೈವಸ್ತ್ರ ಎಲ್ಲ ಬಂದವು.

"ಮಿಸ್ ಐಡೆಲ್ಲಾ ಹೇಗಿದಾರೆ? ಅವರ ಪೀಚ್ ಕಾಬ್ಲರ್ ನೆನಪಾದ್ರೆ ನಂಗೆ ಈಗ್ಲೂ ಬಾಯಲ್ಲಿ ನೀರು ಬರತ್ತೆ. ಅವರು ನಮ್ಮ ಮನೆಯವರೇ ಆಗಿಹೋಗಿದ್ರು" ಅಂದಳು ಆಡ್ರಾ.

"ಇದಾರೆ, ಮಿಸ್ ಆಡ್ರಾ. ಇದನ್ನೊಂಚೂರು ಓದಿ" ಅಂದಳು ವರ್ನೀಟಾ.

ಆಡ್ರಾ ಕನ್ನಡಕ ಹಾಕಿಕೊಂಡು ಓದಿದಳು. ಓದುತ್ತಾ ಓದುತ್ತಾ ಅವಳ ಕೈ ಎದೆಯ ಮುತ್ತಿನ ಸರದ ಮೇಲೆ ಹೋಯಿತು. ಹಾಲಿಸ್ ಕೂಡ ಓದಿ, ಕನ್ನಡಕ ತೆಗೆದು, ಕಣ್ಣು ಒರೆಸಿಕೊಂಡ.

"ಏಳು ವರ್ಷ!" ಅಂದ ಅವನು. "ಬರೀ ಏಳು ವರ್ಷ. ನಾನೂ ಆ ಕೊಳದಲ್ಲೇ ಈಜು ಕಲ್ತಿದ್ದಮ್ಮ."

"ಎಂಥಾ ಚೆಂದದ ವಿಚಾರ ತಂದಿದೀಯ ವರ್ನೀಟಾ" ಅಂದಳು ಆಡ್ರಾ. ಅವಳ ಕಣ್ಣಲ್ಲೂ ನೀರಿತ್ತು. "ಇದನ್ನ ನಮ್ಮ ಹತ್ರ ತಂದ್ಯಲ್ಲ, ಅದೇ ನಮ್ಮ ಪುಣ್ಯ. ಖಂಡಿತಾ ಸಮಿತಿ ಮುಂದೆ ಇಡ್ತೀನಿ. ಇದನ್ನ ಮನಸ್ಸಲ್ಲಿಟ್ಕೊಂಡೇ ಮುಂದಿನ ಕೆಲಸ." ಮೆಟ್ಟಿಲವರೆಗೂ ಬಂದು ವರ್ನೀಟಾಳನ್ನು ಅಪ್ಪಿಕೊಂಡು ಬೀಳ್ಕೊಟ್ಟಳು. ಉಳಿದ ಚೀಸ್ ಕಡ್ಡಿಗಳನ್ನು ಕಾಗದದಲ್ಲಿ ಸುತ್ತಿ ಕೊಟ್ಟಳು.

ವರ್ನೀಟಾ ದಿಬ್ಬ ಇಳಿದದ್ದು ನೆಲಕ್ಕೆ ಕಾಲು ತಾಗದ ಹಾಗೆ. ಬಂದವಳೇ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದ ಫನೆಲ್ಲಾಳಿಗೆ ಎಲ್ಲ ಹೇಳಿದಳು.

ಫನೆಲ್ಲಾ ಬಾಯಲ್ಲಿದ್ದ ಕ್ಲಿಪ್ಪು ತೆಗೆದಳು. "ಅದೆಲ್ಲ ಸರಿ. ಹಾಕ್ತೀವಿ ಅಂದ್ಲಾ?"

"ಎಂಥಾ ಚೆಂದದ ವಿಚಾರ ಅಂದ್ಲು. ಇಬ್ರೂ ಕಣ್ಣೀರು ಹಾಕ್ಕೊಂಡ್ರು ಕಣೇ!"

"ನಾನು ಕೇಳಿದ್ದು ಅದಲ್ಲ. ಎಷ್ಟನೇ ಸಾಲಲ್ಲಿ ಹಾಕ್ತೀವಿ, ಹುಡುಗನ ಹೆಸರಿನ ಅಕ್ಷರ ಹೇಗೆ ಬರೀಬೇಕು, ಏನಾದ್ರೂ ಕೇಳಿದ್ಲಾ?"

"ಅಷ್ಟು ಬೇಗ ಯಾಕೆ ಕೇಳ್ತಾಳೆ?"

"ನೀನು ಈ ಊರನ್ನೇ ಮರೆತುಬಿಟ್ಟಿದೀಯ ನೀಟಾ" ಅಂದಳು ಫನೆಲ್ಲಾ. "ಇಲ್ಲಿ ಆಗೋ ಕೆಲಸಕ್ಕೆ ಯಾರೂ ಅಳಲ್ಲ. ಆಗೋದಾದ್ರೆ ಪೆನ್ನು ಹುಡುಕ್ತಾರೆ. ಆಗದೇ ಇದ್ರೆ ಅಪ್ಪಿಕೊಳ್ತಾರೆ. ನನ್ನನ್ನ ಕೆಲಸದಿಂದ ಬಿಡಿಸಿದ ದಿನ ಆ ಮನೆಯಮ್ಮ ಮೂರು ಸಲ ಅಪ್ಪಿಕೊಂಡ್ಲು. ಹಂದಿಮಾಂಸದ ಒಂದು ಇಡೀ ಹ್ಯಾಮ್ ಕೊಟ್ಟು ಕಳಿಸಿದ್ಲು."

ಅದು ನಿಜವಾಗಿತ್ತು. ಡೆಟ್ರಾಯಿಟ್‌ನಲ್ಲಿ ‘ಇಲ್ಲ’ ಅನ್ನುವುದು ಕಿಟಕಿ ಬಾಗಿಲು ಬಡಿದ ಹಾಗೆ ಮುಖಕ್ಕೇ ಬರುತ್ತದೆ. ಮೆರಿವೇಲಿನವರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳುತ್ತಾರೆ. ಕೆಳಗಿನ ಕೇರಿಯ ಮಕ್ಕಳಿಗೂ ಇದು ಹಲ್ಲು ಮೂಡುವ ಮೊದಲೇ ತಿಳಿಯುತ್ತದೆ. ವರ್ನೀಟಾಳಿಗೂ ಒಂದು ಕಾಲಕ್ಕೆ ತಿಳಿದಿತ್ತು. ನಲವತ್ತು ವರ್ಷದಲ್ಲಿ ಕಿವಿ ಮೊಂಡಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವಳಿಗೆ ಆಸೆ ಇತ್ತು. ಆಸೆಯ ಮೇಲೆ ತಣ್ಣೀರು ಸುರಿದವರನ್ನು ಕಂಡರೆ ಯಾರಿಗಾದರೂ ಮೈ ಉರಿಯುತ್ತದೆ.

"ನಲವತ್ತು ವರ್ಷ ಅವರ ಎಂಜಲು ತಟ್ಟೆ ತೊಳೆದು ತೊಳೆದು ನಿನ್ನ ಬೆನ್ನು ಬಗ್ಗಿಹೋಗಿದೆ" ಅಂದಳು ವರ್ನೀಟಾ. "ಯಾರಾದ್ರೂ ನೆಟ್ಟಗೆ ನಿಂತು ಕೇಳಿದ್ರೆ ನಿಂಗೆ ಹೊಟ್ಟೆಕಿಚ್ಚು."

ಫನೆಲ್ಲಾಳ ಮುಖ ಕಪ್ಪಿಟ್ಟಿತು. "ಹೌದಮ್ಮ. ನೀನು ನೆಟ್ಟಗಿನವಳು. ಡೆಟ್ರಾಯಿಟ್ ತನಕ ನೆಟ್ಟಗೆ ಓಡಿಹೋದವಳು. ನಾವು ಬಗ್ಗಿದವರು ಇಲ್ಲಿದ್ದು ನಿಮ್ಮಮ್ಮನಿಗೆ ಅನ್ನ ಹಾಕಿದ್ವಿ." ಬುಟ್ಟಿಯನ್ನು ಅಲ್ಲೇ ಬಿಟ್ಟು ಕೂಸನ್ನೆತ್ತಿಕೊಂಡು ಹೊರಟುಹೋದಳು. ಆಮೇಲೂ ದಿನಾ ಬಂದು ಹೋಗುವುದು ನಿಲ್ಲಿಸಲಿಲ್ಲ, ಆದರೆ ವರ್ನೀಟಾಳ ಜೊತೆ ಮಾತು ನಿಲ್ಲಿಸಿದಳು.

ಹತ್ತು ದಿನದ ಮೇಲೆ ಆಡ್ರಾ ಫೋನು ಮಾಡಿದಳು. ಏಪ್ರಿಲ್‌ನ ಎರಡನೇ ಶನಿವಾರ ಸಮಾರಂಭ. ಊರಿನ ಹಿರಿಯ ಜೀವ ಮಿಸ್ ಐಡೆಲ್ಲಾ ಅವರೇ ಫಲಕದ ಬಟ್ಟೆ ಎಳೆಯಬೇಕು, ಇದು ಸಮಿತಿಯ ಒಕ್ಕೊರಲಿನ ಆಸೆ.

ವರ್ನೀಟಾಳ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ಮಗನ ಹೆಸರಿರದ ಫಲಕಕ್ಕೆ ತಾಯಿಯನ್ನು ಕರೆಯುವಷ್ಟು ಕಲ್ಲೆದೆಯವರು ಎಲ್ಲಿರುತ್ತಾರೆ? ಆದರೂ ಕೇಳಿದಳು, "ಮಿಸ್ ಆಡ್ರಾ, ನಾನು ಕೊಟ್ಟಿದ್ದು... ಅದು ಬಂದಿದೆ ತಾನೆ?"

"ಚಿನ್ನಾ, ನೀನು ಏನೂ ತಲೆಕೆಡಿಸ್ಕೋಬೇಡ. ಎಲ್ಲಾ ಎಷ್ಟು ಸೊಗಸಾಗಿ ಬಂದಿದೆ ಅಂತೀಯ! ಬಟ್ಟೆ ಎಳೆಯೋ ತನಕ ಯಾರೂ ನೋಡಬಾರದು, ಅದು ನಮ್ಮ ಪದ್ಧತಿ."

ಆ ಊರಿನಲ್ಲಿ ಯಾರಿಗೆ ಬೇರೇನನ್ನೂ ಕೊಡಲು ಮನಸ್ಸಿಲ್ಲವೋ ಅವರಿಗೆ ಮುಂದಿನ ಸಾಲಿನ ಕುರ್ಚಿ ಕೊಡುತ್ತಾರೆ. ಇದನ್ನು ಫನೆಲ್ಲಾ ಹೇಳಬಹುದಿತ್ತು, ಆದರೆ ಅವಳ ಬಾಯಿಗೆ ವರ್ನೀಟಾಳೇ ಬೀಗ ಹಾಕಿಯಾಗಿತ್ತು.

ಸಂಜೆ ತಾಯಿಯ ಕಾಲಿಗೆ ಎಣ್ಣೆ ತಿಕ್ಕುತ್ತಾ ಹೇಳಿದಳು: ಪಾರ್ಕಿನಲ್ಲಿ ಫಲಕ, ಅದರಲ್ಲಿ ಕೊಳದ ಕತೆ, ಓಥೆಲನ ಹೆಸರು.

ಐಡೆಲ್ಲಾ ಕಾಲನ್ನು ಹಿಂದಕ್ಕೆ ಎಳೆದುಕೊಂಡಳು. "ಯಾರಂದ್ರು?"

"ಆಡ್ರಾ."

"ಅವಳ ಬಾಯಿಂದ್ಲೇ? ಓಥೆಲ್ ಹೆಸರು ಹಾಕಿದೀವಿ ಅಂತ?"

"ಅವಳ ಬಾಯಿಂದ್ಲೇ ಅಮ್ಮಾ."

ಮೂವತ್ತು ವರ್ಷ ಕಲ್ಪೆಪರ್ ಅಡಿಗೆಮನೆಯಲ್ಲಿ ನಿಂತವಳಿಗೆ ಆ ಜನರ ಮಾತಿನ ಹದ ಗೊತ್ತಿರಲಿಲ್ಲವೆಂದಲ್ಲ. ಅದಕ್ಕೇ ಕೆದಕಿ ಕೇಳಿದಳು. ಮಗಳು ಸುಳ್ಳು ಹೇಳಿದಳು. ಆ ಕ್ಷಣಕ್ಕೆ ಅದು ಸುಳ್ಳು ಅನ್ನಿಸಿರಲಿಲ್ಲ, ಮೂರು ವಾರ ಮುಂಚಿತವಾಗಿ ಹೇಳಿದ ನಿಜ ಅನ್ನಿಸಿತ್ತು.

ಮರುದಿನ ಬೆಳಿಗ್ಗೆ ಫನೆಲ್ಲಾ ಎಂದಿನಂತೆ ಬಂದು ಕೂಸನ್ನು ಐಡೆಲ್ಲಾಳ ತೊಡೆಯ ಮೇಲಿಟ್ಟಳು. ಸ್ವಲ್ಪ ಹೊತ್ತಿಗೆ ಮುದುಕಿಯ ತೋಳು ಸೋತವು. ಫನೆಲ್ಲಾ ಎದುರಿಗೇ ಇದ್ದಳು, ಕೈ ಚಾಚಿದಳು.

"ನಿಂಗಲ್ಲ" ಅಂದಳು ಐಡೆಲ್ಲಾ. "ನೀಟಾಗೆ ಕೊಡ್ತೀನಿ."

ವರ್ನೀಟಾ ಕೈಯಲ್ಲಿದ್ದ ಸೌಟನ್ನು ಎಲ್ಲಿಟ್ಟಳೋ ಅವಳಿಗೇ ಗೊತ್ತಿಲ್ಲ. ಕೂಸು ಬಿಸಿಯಾಗಿತ್ತು, ಅಂದುಕೊಂಡದ್ದಕ್ಕಿಂತ ಭಾರವಾಗಿತ್ತು. ಅವಳ ಗಲ್ಲವನ್ನು ತಡವಿ, ಮೂಗನ್ನು ಹಿಡಿದು, ಭುಜದ ಮೇಲೆ ಜೊಲ್ಲು ಸುರಿಸಿ, ಹತ್ತು ನಿಮಿಷದಲ್ಲಿ ನಿದ್ದೆ ಹೋಯಿತು. ಅವಳು ಒಂದೂವರೆ ಗಂಟೆ ಅಲ್ಲಾಡದೆ ಕೂತಳು. ಸುಖವಾಯಿತು ಅವಳಿಗೆ, ಅಷ್ಟು ಸುಖ ಅವಳ ಜೀವಮಾನದಲ್ಲಿ ಆಗಿರಲಿಲ್ಲ. ಅಲ್ಲಿಂದ ಮೂರು ವಾರ ದಿನಾ ಕೂಸು ಅವಳ ಕೈಗೆ ಬಂತು. ತಾಯಿಯೇ ಕರೆದು ಕೊಡುತ್ತಿದ್ದಳು.

ಶನಿವಾರ ಬಂತು. ಅಜೇಲಿಯಾಗಳು ಮೈತುಂಬಾ ಅರಳಿದ್ದವು. ಪಾರ್ಕಿನ ಬ್ಯಾಂಡ್‌ಸ್ಟ್ಯಾಂಡಿನಲ್ಲಿ ಹೈಸ್ಕೂಲಿನ ಬ್ಯಾಂಡು, ಮರದ ಕೆಳಗೆ ಐಸ್‌ಕ್ರೀಮು, ದೊಡ್ಡ ಹ್ಯಾಟು ಹಾಕಿದ ಹೆಂಗಸರು. ಕೊಳ ಇದ್ದ ಜಾಗದಲ್ಲಿ ಗುಲಾಬಿ ತೋಟ, ಅದರ ಅಂಚಿನಲ್ಲಿ ಬಿಳಿ ಬಟ್ಟೆ ಹೊದಿಸಿದ ಫಲಕ. ಐಡೆಲ್ಲಾ ಚರ್ಚಿಗೆ ಹಾಕುವ ನೇರಳೆ ಬಟ್ಟೆ ಹಾಕಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಪಕ್ಕದಲ್ಲಿ ಕೂಸನ್ನು ಸೊಂಟಕ್ಕೇರಿಸಿ ವರ್ನೀಟಾ. ಫನೆಲ್ಲಾ ಹಿಂದಿನ ಸಾಲಿನಲ್ಲಿದ್ದಳು.

ಭಾಷಣ ಮುಗಿಯಿತು. ಆಡ್ರಾ ಹಗ್ಗವನ್ನು ಐಡೆಲ್ಲಾಳ ಕೈಗಿಟ್ಟಳು. ಮುದುಕಿ ಎಳೆದಳು. ಬಟ್ಟೆ ಜಾರಿತು, ಇನ್ನೂರು ಜನ ಚಪ್ಪಾಳೆ ತಟ್ಟಿದರು.

ವರ್ನೀಟಾ ಓದಿದಳು. ಪ್ರುಯಿಟ್ ಪಾರ್ಕ್, ಸ್ಥಾಪನೆ 1918. ಓಕ್ ಟೆರೇಸಿನ ಕುಟುಂಬಗಳು ನೂರು ವರ್ಷ ಅಕ್ಕರೆಯಿಂದ ಕಾಪಾಡಿದ ತೋಟ. ಇಲ್ಲಿದ್ದ ಈಜುಕೊಳವನ್ನು ನಿರ್ವಹಣೆಯ ಕಾರಣಗಳಿಂದ 1964ರಲ್ಲಿ ಮುಚ್ಚಲಾಯಿತು. ಅದರ ಕೆಳಗೆ ದಾನಿಗಳ ಇಪ್ಪತ್ತೆರಡು ಹೆಸರು. ಅವಳು ಇಪ್ಪತ್ತೆರಡನ್ನೂ ಓದಿದಳು. ಮತ್ತೊಮ್ಮೆ ಓದಿದಳು.

"ಏನು ಬರ್ದಿದಾರೆ ನೀಟಾ? ಓದು" ಅಂದಳು ತಾಯಿ. ಅವಳ ಮುಖದಲ್ಲಿ ವರ್ನೀಟಾ ಎಂದೂ ನೋಡಿರದ ಗೆಲುವಿತ್ತು.

"ಓದು ವರ್ನೀಟಾ, ಎಲ್ಲರಿಗೂ ಕೇಳೋ ಹಾಗೆ" ಎಂದು ಆಡ್ರಾ ಮೈಕನ್ನು ಅವಳ ಬಾಯಿಗೆ ಹಿಡಿದಳು. ಬಹುಶಃ ಅವಳಿಗೆ ಆ ನಾಲ್ಕು ಸಾಲು ನೆನಪೇ ಇರಲಿಲ್ಲ. ಒಳ್ಳೆಯ ಮನಸ್ಸಿನಿಂದ ಅತ್ತು, ಒಳ್ಳೆಯ ಮನಸ್ಸಿನಿಂದ ಮರೆತಿದ್ದಳು.

ಡೆಟ್ರಾಯಿಟ್‌ನ ವರ್ನೀಟಾ ಆಗಿದ್ದರೆ ಆ ಮೈಕನ್ನು ಕಿತ್ತುಕೊಂಡು ಇಡೀ ಓಕ್ ಟೆರೇಸಿನ ಮಾನ ಹರಾಜು ಹಾಕುತ್ತಿದ್ದಳು. ಮಾತು ಗಂಟಲವರೆಗೆ ಬಂದೂ ಇತ್ತು. ಆದರೆ ಸೊಂಟದ ಮೇಲೆ ಕೂಸಿತ್ತು. ಹೆಸರಿಲ್ಲ ಎಂದರೆ ಕೂಸೂ ಇಲ್ಲ. ತಾಯಿಗೆ ನೋವಾಗಬಾರದೆಂದು ಅವಳು ಹಾಗೆ ಮಾಡಿದಳು ಎಂದು ಹೇಳಿದರೆ ತಪ್ಪಾಗುತ್ತದೆ; ತನಗಾಗಿಯೇ ಮಾಡಿದಳು.

ಮೊದಲ ಸಾಲುಗಳನ್ನು ಇದ್ದ ಹಾಗೇ ಓದಿದಳು. ಆಮೇಲೆ ಫಲಕವನ್ನೇ ನೋಡುತ್ತಾ, ಅದರಲ್ಲಿಲ್ಲದ್ದನ್ನು ಓದಿದಳು. "ಎಲ್ಲ ಮಕ್ಕಳನ್ನೂ ಬಿಡಬೇಕೆಂದು ಕೋರ್ಟು ಹೇಳಿದ್ದಕ್ಕೆ ಈ ಕೊಳವನ್ನು ಮಣ್ಣು ಹಾಕಿ ಮುಚ್ಚಲಾಯಿತು. ಎರಡು ದಿನದ ಮೇಲೆ, ಏಳು ವರ್ಷದ ಓಥೆಲ್ ಬಾಯ್ಕಿನ್ ಹೊಳೆಯಲ್ಲಿ ಮುಳುಗಿ ತೀರಿಕೊಂಡ."

ಮುಂದಿನ ಸಾಲಿನವರಿಗೆಲ್ಲ ಫಲಕ ಕಾಣುತ್ತಿತ್ತು. ಹಾಲಿಸ್ ತನ್ನ ಬೂಟು ನೋಡಿಕೊಂಡ. ಒಬ್ಬಳು ಹ್ಯಾಟು ಸರಿಮಾಡಿಕೊಂಡಳು. ಒಂದು ಗಳಿಗೆ ಬಿಟ್ಟು, ಮರ್ಯಾದಸ್ಥರು ಮಾಡುವ ಹಾಗೆ, ಮೆತ್ತಗೆ ಚಪ್ಪಾಳೆ ತಟ್ಟಿದರು.

"ಎಷ್ಟು ಚೆನ್ನಾಗಿ ಓದಿದೆ" ಅಂದಳು ಆಡ್ರಾ, ನಗು ಒಂದಿಷ್ಟೂ ಕದಲದೆ.

ಐಡೆಲ್ಲಾಳ ಕೆನ್ನೆ ಒದ್ದೆಯಾಗಿತ್ತು. "ಕುರ್ಚಿ ಹತ್ರ ತಳ್ಳು. ಮುಟ್ಟಬೇಕು."

"ಆಮೇಲೆ ಅಮ್ಮಾ, ಜನ ಇದಾರೆ."

"ತಳ್ಳೇ."

ತಳ್ಳಿದ್ದು ಹಾಲಿಸ್. ಏನಾದರೂ ಉಪಕಾರ ಮಾಡಲು ಅವನ ಕೈ ತುರಿಸುತ್ತಿತ್ತು. ಓದು ಬಂದರೆ ಮಾತ್ರ ವೋಟು ಎನ್ನುತ್ತಿದ್ದ ಕಾಲದಲ್ಲಿ, ನಲವತ್ತರ ಅಂಚಿನಲ್ಲಿ, ಚರ್ಚಿನಲ್ಲಿ ಕೂತು ಅಕ್ಷರ ಕಲಿತವಳು ಐಡೆಲ್ಲಾ. ಫಲಕದ ಅಕ್ಷರಗಳು ಎರಕ ಹೊಯ್ದವು, ಬೆರಳಿಗೆ ಸಿಗುವಷ್ಟು ಉಬ್ಬಿದ್ದವು. ಅವಳು ಮೇಲಿನ ಮೂಲೆಯಿಂದ ಹಿಡಿದಳು. ಬೆರಳು ಒಂದೊಂದೇ ಅಕ್ಷರ ಹತ್ತಿ ಇಳಿಯಿತು. ಸಾಲು ಮುಗಿಯಿತು, ಇನ್ನೊಂದು ಸಾಲು ಮುಗಿಯಿತು. ಮಗನ ಹೆಸರಿನ ಮೊದಲ ಅಕ್ಷರ ‘O’, ಗುಂಡಗಿನದು. ಗುಂಡಗಿನ ಅಕ್ಷರ ಸಿಕ್ಕಲ್ಲೆಲ್ಲ ಬೆರಳು ನಿಂತು, ಪಕ್ಕದ್ದನ್ನು ಸವರಿ, ಮುಂದೆ ಹೋಯಿತು. ದಾನಿಗಳ ಹೆಸರು ಬಂತು. ಒಬ್ಬೊಬ್ಬರದ್ದನ್ನೂ ಅವಳು ಪಿಸುಮಾತಿನಲ್ಲಿ ಓದಿದಳು. ಅವರ ತಾಯಂದಿರ ತಟ್ಟೆ ತೊಳೆದಿದ್ದಳು, ಅವರಲ್ಲಿ ಕೆಲವರ ಅಂಡನ್ನೂ ತೊಳೆದಿದ್ದಳು. ಇಪ್ಪತ್ತೆರಡು ಮುಗಿದು ಬೆರಳು ನುಣ್ಣನೆಯ ಅಂಚಿಗೆ ಬಂತು. ಆಚೆಗೆ ಗಾಳಿ.

"ಎಲ್ಲೋ ಬಿಟ್ಟುಬಿಟ್ಟೆ ಕಾಣತ್ತೆ" ಎಂದು ಮತ್ತೆ ಮೇಲಿನಿಂದ ಶುರುಮಾಡಿದಳು.

ಐಸ್‌ಕ್ರೀಮು ಕರಗುತ್ತಿತ್ತು. ಜನ ನಗುಮುಖದಲ್ಲೇ ಕಾದರು. ಆಡ್ರಾ ಬ್ಯಾಂಡಿನ ಕಡೆ ತಲೆಯಲ್ಲೇ ಸಣ್ಣ ಸನ್ನೆ ಮಾಡಿದಳು. ಅವರು ಏನೋ ಉತ್ಸಾಹದ್ದು ಬಾರಿಸತೊಡಗಿದರು. ಎರಡನೇ ಸಲವೂ ಬೆರಳು ಅಂಚಿಗೆ ಬಂದು ನಿಂತಿತು. ಐಡೆಲ್ಲಾ ಕೈಯನ್ನು ಮಡಿಲಿಗೆ ಎಳೆದುಕೊಂಡಳು.

"ಮೆಚ್ಚಿಗೆ ಆಯ್ತಾ ಮಿಸ್ ಐಡೆಲ್ಲಾ?" ಎಂದು ಆಡ್ರಾ ಬಗ್ಗಿ ಕೇಳಿದಳು.

"ಆಯ್ತು ಮ್ಯಾಮ್. ಎಂಥಾ ಚೆಂದದ ಕೆಲಸ ಮಾಡಿದೀರಿ. ದೇವರು ನಿಮಗೆ ಒಳ್ಳೇದು ಮಾಡ್ಲಿ" ಅಂದಳು ಐಡೆಲ್ಲಾ. ದನಿಯಲ್ಲಿ ಒಂದೆಳೆಯ ಒಡಕೂ ಇರಲಿಲ್ಲ.

ವರ್ನೀಟಾ ಮಂಡಿಯೂರಿದಳು. "ಅಮ್ಮಾ, ಅವರು ನಂಗೆ..."

"ಅವರು ಅವರೇ. ಅವರಿಂದ ನಾನು ಯಾವತ್ತೂ ಏನೂ ಕೇಳ್ದೋಳಲ್ಲ" ಅಂದಳು ಐಡೆಲ್ಲಾ, ಪಕ್ಕದವರಿಗೂ ಕೇಳದಷ್ಟು ಮೆಲ್ಲಗೆ. "ನಿನ್ನನ್ನ ಕೇಳಿದ್ದೆ. ಅವತ್ತು ಅವನನ್ನ ನೋಡ್ಕೋ ಅಂದೆ. ಇವತ್ತು ಅವನ ಹೆಸರು ಇದ್ಯಾ ಅಂದೆ. ಎರಡು ಸಲಾನೂ ಕಣ್ಣಿರೋಳು ನೀನೇ." ಆಮೇಲೆ ಮುಖವನ್ನು ಹಿಂದಕ್ಕೆ ತಿರುಗಿಸಿದಳು. "ಫನೆಲ್ಲಾ, ಇದೀಯೇನೇ?"

"ಇದೀನಿ ದೊಡ್ಡಮ್ಮಾ."

"ಇವಳ ಕೈಯಿಂದ ಕೂಸನ್ನ ತಗೋ."

ಫನೆಲ್ಲಾ ಎದ್ದು ಬಂದಳು. ವರ್ನೀಟಾಳ ಮುಖ ನೋಡಿ ಒಂದು ಗಳಿಗೆ ತಡೆದಳು. ನಂತರ ಹಿತ್ತಲಿನ ಮಾತು ನೆನಪಾಯಿತೋ ಏನೋ, ಎರಡೂ ಕೈ ಚಾಚಿದಳು. ವರ್ನೀಟಾ ಕೊಟ್ಟಳು. ಕೂಸು ಅವಳ ಕಾಲರನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ಫನೆಲ್ಲಾ ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.